ಕೆಂಪು ಚುಕ್ಕೆ ಇಟ್ಟ ಜಾಯಿಂಟು

ಆ ವಾಟರ್ ಸ್ಕೂಟರ್ ನನ್ನ ಶೆಡ್ಡಿಗೆ ಬಂದದ್ದು ಪಿಕಪ್ಪಿನ ಹಿಂಭಾಗದಲ್ಲಿ, ಒಂದು ಹಳೆಯ ಹಾಸಿಗೆಯ ಮೇಲೆ ಮಲಗಿಕೊಂಡು. ಕರಾವಳಿಯ ಉಪ್ಪುನೀರಿನಲ್ಲಿ ಕೆಲವು ವರ್ಷ ದುಡಿದ ಗಾಡಿ. ಅಗ್ಗಕ್ಕೆ ಕೊಂಡವರು ಕುಶಾಲನಗರದ ಆಚೆ ಹಿನ್ನೀರಿನ ದಂಡೆಯಲ್ಲಿ ಹೋಂಸ್ಟೇ ಇಟ್ಟಿದ್ದ ಒಬ್ಬ ತೋಟದ ಮಾಲೀಕರು. ಮಳೆಗಾಲ ಕಳೆದು ನೀರು ತುಂಬಿ ನಿಂತ ಮೇಲೆ ಅತಿಥಿಗಳನ್ನು ಕೂರಿಸಿ ಸುತ್ತು ಹೊಡೆಸುವುದು ಅವರ ಲೆಕ್ಕಾಚಾರ. ತಂದ ದಿನವೇ ಅದು ಸ್ಟಾರ್ಟ್ ಆಗಲಿಲ್ಲ.

"ಸುಬೇದಾರ್ರೇ, ಮಿಲಿಟರಿ ಟ್ಯಾಂಕ್ ರಿಪೇರಿ ಮಾಡಿದವರು ನೀವು. ಇದು ನಿಮಗೆ ಆಟದ ಸಾಮಾನು" ಎಂದರು ಮಾಲೀಕರು.

"ಟ್ಯಾಂಕಿಗೆ ಪುಸ್ತಕ ಇತ್ತು. ಇದಕ್ಕೆ ಇದೆಯಾ?"

"ಮೊಬೈಲಲ್ಲಿ ಸಿಗುತ್ತಂತೆ."

"ಮೊಬೈಲಲ್ಲಿ ಇರೋದನ್ನ ಕಾಗದದ ಮೇಲೆ ತನ್ನಿ. ಆಮೇಲೆ ಮುಟ್ತೀನಿ."

ಮಾರನೆಯ ದಿನ ವೈರಿಂಗ್ ನಕ್ಷೆಯ ಪ್ರಿಂಟ್ ಬಂತು. ಅದನ್ನು ತಂದವನೇ ಗಾಡಿ ಓಡಿಸಬೇಕಾದವನು. ಭಾಗಮಂಡಲದ ಕಡೆಯವನು, ನಲವತ್ತು ದಾಟಿದವನು. ಅದಕ್ಕೆ ಮೊದಲು ಹತ್ತು ಹನ್ನೆರಡು ವರ್ಷ ದುಬಾರೆಯ ಹೊಳೆಯಲ್ಲಿ ರಾಫ್ಟ್ ನಡೆಸಿದ್ದ. ಅವನನ್ನು ಇಲ್ಲಿ ಚಾಲಕ ಎಂದೇ ಕರೆಯುತ್ತೇನೆ.

ನಾನು ಕೆಲಸ ಮಾಡುವ ಕ್ರಮ ಬಹಳ ಹಳೆಯದು. ಬೆಳಿಗ್ಗೆ ಎಂಟಕ್ಕೆ ಶೆಡ್ಡಿನ ಬಾಗಿಲು. ಮೊದಲು ಬಟ್ಟೆ ಹಾಸಿ ಸಲಕರಣೆಗಳನ್ನು ಸಾಲಾಗಿ ಇಡುವುದು. ನೋಟ್‌ಬುಕ್ಕಿನ ಎಡಪುಟದಲ್ಲಿ ಮೀಟರಿನ ಅಳತೆ, ಬಲಪುಟದಲ್ಲಿ ಮಾಡಿದ ಕೆಲಸ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಬೇಕು, ಕೊನೆಗೆ ಕೂಡಿಸಬೇಕು. ಮೊದಲು ಕಣ್ಣು, ಆಮೇಲೆ ಕೈ, ಆಮೇಲೆ ಮೀಟರ್. ಚಾಲಕ ಇದನ್ನೆಲ್ಲ ನೋಡುತ್ತ ಒಂದು ಗಂಟೆ ಸುಮ್ಮನೆ ನಿಂತಿದ್ದ.

"ಪೂಜೆಗೆ ಅಣಿ ಮಾಡಿದ ಹಾಗೆ ಉಂಟಲ್ಲ ಸಾರ್. ಮಂಗಳಾರತಿ ಯಾವಾಗ?"

"ಸ್ಟಾರ್ಟ್ ಆದಾಗ."

ಸೀಟು ತೆಗೆದು ನೋಡಿದರೆ ಒಳಗೆ ಹಿಂದಿನವರ ಪಾಪಗಳೆಲ್ಲ ಕೂತಿದ್ದವು. ಮುಖ್ಯ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರು. ನಮ್ಮಲ್ಲಿ ತೋಟದ ಪಂಪ್‌ಸೆಟ್ಟಿಗೂ ಇದೇ ಚಿಕಿತ್ಸೆ ನಡೆಯುವುದರಿಂದ ಆಶ್ಚರ್ಯವಾಗಲಿಲ್ಲ. ಬಟನ್ ಒತ್ತಿದರೆ ರಿಲೇ ಟಿಕ್ ಎನ್ನುತ್ತಿತ್ತು, ಮೋಟಾರ್ ತಿರುಗುತ್ತಿರಲಿಲ್ಲ. ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇದ್ದರೂ ಬಟನ್ ಒತ್ತಿದ ಕ್ಷಣ ಸ್ಟಾರ್ಟರಿನ ಹತ್ತಿರ ಎಂಟೂ ಸಿಗುತ್ತಿರಲಿಲ್ಲ. ನಡುವೆ ಎಲ್ಲೋ ತಡೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲಿಟ್ಟು ಇನ್ನೊಂದನ್ನು ಅರ್ತ್ ದಾರಿಯುದ್ದಕ್ಕೂ ಸರಿಸುತ್ತ ಹೋದೆ. ಇಂಜಿನ್ನಿಗೆ ಅರ್ತ್ ಕೂರುವ ಬೋಲ್ಟಿನಲ್ಲಿ ಸಿಕ್ಕಿತು. ಬಿಚ್ಚಿದರೆ ವಾಷರಿನ ಅಡಿಯಲ್ಲಿ ಹಸಿರು ಪುಡಿ. ಉಜ್ಜಿ, ಲೋಹ ಹೊಳೆಯುವ ತನಕ ಉಜ್ಜಿ, ಗ್ರೀಸ್ ಸವರಿ ಬಿಗಿದೆ. ರಿಲೇ ಬದಲಿಸಿದೆ. ಸರಿಯಾದ ಫ್ಯೂಸ್ ಹಾಕಿದೆ.

ಮೂರನೆಯ ದಿನ ಹ್ಯಾಂಡಲಿನ ಕುತ್ತಿಗೆಗೆ ಬಂದೆ. ಓದುಗರಿಗೆ ಒಂದು ಮಾತು ಹೇಳಬೇಕು. ಈ ಗಾಡಿಯಲ್ಲಿ ಚಾಲಕನ ಮಣಿಕಟ್ಟಿಗೆ ಒಂದು ಸುರುಳಿ ಹಗ್ಗ ಕಟ್ಟಿರುತ್ತದೆ. ಅದರ ತುದಿಯ ಕ್ಲಿಪ್ ಹ್ಯಾಂಡಲಿನ ಕೆಳಗಿನ ಸ್ವಿಚ್ಚಿನಲ್ಲಿ ಕೂರುತ್ತದೆ. ಚಾಲಕ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಆ ಸ್ವಿಚ್ಚಿನ ಎರಡು ತಂತಿಗಳು ಹ್ಯಾಂಡಲಿನ ಕುತ್ತಿಗೆಯೊಳಗಿಂದ ಇಳಿಯುತ್ತವೆ. ಅಲ್ಲಿ ಹಿಂದಿನ ಮೆಕ್ಯಾನಿಕ್ ಒಂದು ತಂತಿಯನ್ನು ಕತ್ತರಿಸಿ, ಬರಿಗೈಯಲ್ಲಿ ಹೊಸೆದು, ಟೇಪ್ ಸುತ್ತಿ ಬಿಟ್ಟಿದ್ದ.

ನಾನು ಅದನ್ನು ಬಿಚ್ಚಿ, ಎಳೆಗಳನ್ನು ಶುಚಿ ಮಾಡಿ ಹೆಣೆದು, ಬೆಸುಗೆ ಹಾಕಿದೆ. ಮೇಲೆ ಬಿಸಿಗೆ ಬಿಗಿಯುವ ಸ್ಲೀವ್, ಎರಡು ಪದರ. ನನಗೆ ಕಲಿಸಿದ್ದು ಹಾಗೆಯೇ. ಚಾಲಕ ಟಾರ್ಚ್ ಹಿಡಿದಿದ್ದ.

"ಸಾರ್, ಬೆಸುಗೆ ಹಾಕಿದ್ರೆ ಅಷ್ಟು ಜಾಗ ಗಟ್ಟಿ ಆಗ್ತದಲ್ಲ?"

"ಗಟ್ಟಿ ಆಗ್ಲಿ ಅಂತಲೇ ಹಾಕೋದು."

"ಹ್ಯಾಂಡಲ್ ತಿರುಗ್ದಾಗೆಲ್ಲ ವಯರು ಇಲ್ಲೇ ಮಡಚ್ತದೆ. ನಮ್ಮ ರಾಫ್ಟಿನ ಹಗ್ಗ ಯಾವತ್ತೂ ಗಂಟಲ್ಲಿ ಕಡಿಯದಿಲ್ಲೆ ಸಾರ್. ಗಂಟಿನ ಪಕ್ಕದಲ್ಲಿ ಕಡೀತದೆ."

"ಹಗ್ಗದ ಕೆಲಸ ನೀನು ನೋಡ್ಕೋ. ತಂತಿ ಕೆಲಸ ನಾನು ನೋಡ್ಕೋತೀನಿ."

ಅವನು ನಕ್ಕ. "ಆಯ್ತು ಸಾರ್. ಚುಕ್ಕೆ ಇಟ್ಬಿಡಿ, ದೃಷ್ಟಿ ಆಗ್ದ ಹಾಗೆ."

ಚುಕ್ಕೆಯ ವಿಷಯ ಹೇಳಬೇಕು. ನಾನು ಕಲಿತ ವರ್ಕ್‌ಶಾಪಿನಲ್ಲಿ ಮಾಡಿ ಮುಗಿಸಿದ, ಅಳೆದು ನೋಡಿದ ಪ್ರತಿ ಜಾಯಿಂಟಿನ ಮೇಲೂ ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದೆವು. ಚುಕ್ಕೆ ಇಟ್ಟ ಜಾಗವನ್ನು ಮತ್ತೆ ಬಿಚ್ಚುವಂತಿಲ್ಲ. ಮುಂದೆ ದೋಷ ಬಂದರೆ ಚುಕ್ಕೆ ಇಲ್ಲದ ಕಡೆ ಹುಡುಕಬೇಕು. ನೂರಾರು ತಂತಿಗಳಿರುವ ಗಾಡಿಯಲ್ಲಿ ಮಾಡಿದ್ದನ್ನೇ ಮತ್ತೆ ಮಾಡದಿರಲು ಅದು ಒಳ್ಳೆಯ ಕಟ್ಟಳೆ. ನಿವೃತ್ತನಾದ ಮೇಲೂ ಬಿಡಲಿಲ್ಲ. ಬಣ್ಣದ ಬದಲು ಉಗುರಿಗೆ ಹಚ್ಚುವ ಪಾಲಿಶ್ ಬಳಸುತ್ತೇನೆ. ಸೋಮವಾರಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಕೇಳಿದಾಗ ಅಂಗಡಿಯಾಕೆ ನನ್ನ ಮೀಸೆ ನೋಡಿ, ಬಾಟಲಿ ನೋಡಿ, ಏನೂ ಹೇಳದೆ ಕೊಟ್ಟಿದ್ದಳು. ಆ ಜಾಯಿಂಟಿನ ಮೇಲೂ ಚುಕ್ಕೆ ಇಟ್ಟೆ.

ನಾಲ್ಕನೆಯ ದಿನ ನೀರಿನ ಪೈಪ್ ಜೋಡಿಸಿ ಇಂಜಿನ್ ಓಡಿಸಿದೆವು. ಇದಕ್ಕೂ ಕ್ರಮವಿದೆ. ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ತಪ್ಪಿದರೆ ನೀರು ಇಂಜಿನ್ನಿನ ಒಳಗೆ ನುಗ್ಗುತ್ತದೆ. ಚಾರ್ಜಿಂಗ್ ಹದಿನಾಲ್ಕು ವೋಲ್ಟ್ ತೋರಿಸಿತು. ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಹತ್ತು ಸಲ ತಿರುಗಿಸಿದೆ. ದನಿ ಬದಲಾಗಲಿಲ್ಲ. ಚಾಲಕ ಕೈಮುಗಿದು "ಮಂಗಳಾರತಿ ಆಯ್ತು" ಎಂದ. ನಾನೂ ನಕ್ಕೆ.

ಒಂದು ತಿಂಗಳು ಗಾಡಿ ಚೆನ್ನಾಗಿ ಓಡಿತು. ಆಮೇಲೆ ಒಂದು ಬೆಳಿಗ್ಗೆ ಚಾಲಕ ಬೈಕಿನಲ್ಲಿ ಶೆಡ್ಡಿಗೇ ಬಂದ.

"ನೀರಿನ ನಡುವೆ ಸತ್ತು ಹೋಗ್ತದೆ ಸಾರ್. ನಿನ್ನೆ ಎರಡು ಸಲ. ಎಡಕ್ಕೆ ಜೋರು ತಿರುಗ್ಸಿ ಅಲೆ ಮೇಲೆ ಬಡಿದ್ರೆ ಸಾಕು, ಟಪ್ಪಂತ ನಿಲ್ತದೆ."

"ಬಲಕ್ಕೆ?"

"ಇಲ್ಲೆ. ಎಡಕ್ಕೆ ಮಾತ್ರ. ಹಿಂದೆ ಜನ ಕೂತಿದ್ರೆ ಜಾಸ್ತಿ."

"ಆಮೇಲೆ ಸ್ಟಾರ್ಟ್ ಆಗುತ್ತಾ?"

"ಹ್ಯಾಂಡಲ್ ನೆಟ್ಟಗೆ ಮಾಡಿ ಒತ್ತಿದ್ರೆ ಆಗ್ತದೆ."

ಇಂಥ ದೂರು ನನಗೆ ಇಷ್ಟವಿಲ್ಲ. ಯಂತ್ರ ಕೆಟ್ಟಿದ್ದರೆ ಕೆಟ್ಟೇ ಇರಬೇಕು. ದಂಡೆಗೆ ಹೋಗಿ ಗಾಡಿಯನ್ನು ಟ್ರಾಲಿಯ ಮೇಲೆ ಎಳೆಸಿ ಮೂರು ದಿನ ನೋಡಿದೆ. ಬ್ಯಾಟರಿ, ಅರ್ತ್, ಪೆಟ್ರೋಲ್ ಪಂಪ್, ಪ್ಲಗ್, ಪ್ರತಿ ಕನೆಕ್ಟರ್. ಕ್ಲಿಪ್ಪಿನ ಸರ್ಕ್ಯೂಟನ್ನು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಅಳೆದೆ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೂ ಮೀಟರ್ ಸೊನ್ನೆಯ ಹತ್ತಿರವೇ ನಿಂತಿತು, ಅಂದರೆ ತಂತಿ ಎಲ್ಲೂ ತುಂಡಾಗಿಲ್ಲ. ನಡುವಿನ ಜಾಯಿಂಟನ್ನು ಬೆರಳಿನಿಂದಲೂ ಮುಟ್ಟಲಿಲ್ಲ, ಅಲ್ಲಿ ಕೆಂಪು ಚುಕ್ಕೆ ಇತ್ತು. ಮೈಸೂರಿನಿಂದ ಯಂತ್ರದ ಕಂಪ್ಯೂಟರ್ ಓದುವ ಉಪಕರಣ ತರಿಸಿದೆ. ಅದರಲ್ಲಿ ಒಂದು ದೋಷವೂ ದಾಖಲಾಗಿರಲಿಲ್ಲ.

ನಾನು ಲೆಕ್ಕ ಹಾಕಿದೆ. ಪಂಪ್ ನಿಂತರೆ, ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಬರೆದುಕೊಳ್ಳುತ್ತದೆ. ಅದು ಬರೆದುಕೊಳ್ಳದೆ ಇಂಜಿನ್ ನಿಲ್ಲುವುದು ಒಂದೇ ಕಾರಣಕ್ಕೆ: ಕ್ಲಿಪ್ ಕಿತ್ತರೆ. ಅದು ಯಂತ್ರಕ್ಕೆ ದೋಷವಲ್ಲ, ಆಜ್ಞೆ. ಹಾಗಾದರೆ ಜೋರಾಗಿ ತಿರುಗುವಾಗ ಇವನೇ ಕೈ ಎಳೆದು ಕ್ಲಿಪ್ ಕೀಳುತ್ತಿದ್ದಾನೆ.

"ಹಗ್ಗ ಗಿಡ್ಡ ಕಟ್ಕೊಂಡಿದ್ದೀಯ" ಎಂದೆ.

"ಇಲ್ಲೆ ಸಾರ್. ಕ್ಲಿಪ್ ಅಲ್ಲೇ ಕೂತಿರ್ತದೆ. ನಾ ನೋಡಿದ್ದೇನೆ."

"ಮೀಟರ್ ಸುಳ್ಳು ಹೇಳಲ್ಲ."

"ಮೀಟರು ನೀರಲ್ಲಿ ಬರದಿಲ್ಲ ಅಲ್ಲ ಸಾರ್?"

ಸುತ್ತ ನಿಂತಿದ್ದ ಹೋಂಸ್ಟೇಯವರು ನಕ್ಕರು. ನನಗೆ ಸಿಟ್ಟು ಬಂತು. ಗಾಡಿ ಸರಿಯಿದೆ ಎಂದು ಮಾಲೀಕರಿಗೆ ಹೇಳಿ ಹೊರಟುಬಂದೆ.

ಅದೇ ವಾರ ಅಪಘಾತವಾಯಿತು. ನಮ್ಮ ಹಿನ್ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಅಲ್ಲಲ್ಲಿ ತಲೆ ಎತ್ತಿರುತ್ತವೆ. ಚಾಲಕ ಅತಿಥಿ ಮಹಿಳೆಯೊಬ್ಬರನ್ನು ಹಿಂದೆ ಕೂರಿಸಿಕೊಂಡು ಅಂಥ ಒಂದು ಬೊಡ್ಡೆಯನ್ನು ತಪ್ಪಿಸಲು ಎಡಕ್ಕೆ ತಿರುಗಿಸಿದ. ಇಂಜಿನ್ ನಿಂತಿತು. ಈ ಗಾಡಿಗೆ ಚುಕ್ಕಾಣಿ ಇಲ್ಲ. ಹಿಂದಿನಿಂದ ನೀರು ಚಿಮ್ಮಿದರೆ ಮಾತ್ರ ತಿರುಗುತ್ತದೆ, ಇಲ್ಲದಿದ್ದರೆ ಹೋದ ದಿಕ್ಕಿಗೇ ಜಾರುತ್ತದೆ. ಬೊಡ್ಡೆಗೆ ಬಡಿದು ಆಕೆ ನೀರಿಗೆ ಬಿದ್ದರು. ಚಾಲಕ ಹಿಂದೆಯೇ ಹಾರಿ ಅವರನ್ನು ಹಿಡಿದು, ದೋಣಿ ಬರುವ ತನಕ ತೇಲಿಸಿಕೊಂಡಿದ್ದ. ಲೈಫ್ ಜಾಕೆಟ್ ಇದ್ದದ್ದರಿಂದ ಆಕೆಯ ಜೀವ ಉಳಿಯಿತು. ಆದರೆ ಬಲಗೈ ಮಣಿಕಟ್ಟು ಮುರಿದಿತ್ತು. ಮಡಿಕೇರಿಗೆ ಕರೆದೊಯ್ದರು.

ಮಧ್ಯಾಹ್ನ ಮಾಲೀಕರ ಫೋನ್. "ಸುಬೇದಾರ್ರೇ, ಅವರ ಮನೆಯವರು ಕಂಪ್ಲೇಂಟ್ ಕೊಡ್ತೀವಿ ಅಂತಿದ್ದಾರೆ. ಗಾಡಿದೋ ಡ್ರೈವರ್ದೋ ಅಂತ ನೀವು ಒಂದು ರಿಪೋರ್ಟ್ ಕೊಡಿ. ನಿಮ್ಮ ಸೈನ್ ಇದ್ರೆ ಯಾರೂ ಮಾತಾಡಲ್ಲ."

ಹೋಗಿ ನೋಡಿದೆ. ಗಾಡಿ ದಂಡೆಯಲ್ಲಿತ್ತು, ಕ್ಲಿಪ್ ಅದರ ಜಾಗದಲ್ಲಿ ಇರಲಿಲ್ಲ. ಅದು ಒದ್ದೆ ಬಟ್ಟೆಯಲ್ಲಿ ಕೂತಿದ್ದ ಚಾಲಕನ ಮಣಿಕಟ್ಟಿನಲ್ಲಿ ನೇತಾಡುತ್ತಿತ್ತು. ಕ್ಲಿಪ್ ಕೂರಿಸಿ ಬಟನ್ ಒತ್ತಿದೆ, ಇಂಜಿನ್ ಮೊದಲ ಸಲಕ್ಕೇ ಎದ್ದಿತು.

"ಕ್ಲಿಪ್ ನಿನ್ನ ಕೈಲಿದೆಯಲ್ಲಪ್ಪ" ಎಂದೆ.

"ನಾ ನೀರಿಗೆ ಹಾರಿದೆ ಸಾರ್. ಹಾರಿದ್ರೆ ಬರದೆ ಇರ್ತದಾ? ಇಂಜಿನ್ ಮೊದ್ಲೇ ನಿಂತಿತ್ತು."

ಅವನ ಮಾತು ಸರಳವಾಗಿತ್ತು, ಕ್ರಮವಾಗಿತ್ತು. ನಾನು ಕೇಳಿಸಿಕೊಂಡೆ, ನಂಬಲಿಲ್ಲ. ಒಂದು ಪುಟ ಬರೆದೆ. ವಿದ್ಯುತ್ ವ್ಯವಸ್ಥೆ ಸಂಪೂರ್ಣ ಸರಿಯಿದೆ. ಇಂಜಿನ್ ನಿಂತದ್ದು ಸುರಕ್ಷತಾ ಕ್ಲಿಪ್ ಕಿತ್ತುಬಂದ ಕಾರಣಕ್ಕೆ. ಚಾಲಕನ ಅಜಾಗರೂಕತೆ. ಸಹಿ, ಹುದ್ದೆ, ತಾರೀಕು. ಕೈಬರಹ ಎಂದಿನಂತೆ ನೆಟ್ಟಗಿತ್ತು.

ಚಾಲಕನನ್ನು ಅಂದೇ ಕೆಲಸದಿಂದ ತೆಗೆದರು. ನನ್ನ ಪುಟದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ ಹೊಳೆಯ ಕಡೆಗೂ ಹೋಯಿತು. ಅವನು ಹಳೆಯ ಕೆಲಸ ಕೇಳಿಕೊಂಡು ದುಬಾರೆಗೆ ಹೋದನಂತೆ. ಮಿಲಿಟರಿಯವರೇ ಬರೆದುಕೊಟ್ಟ ಮೇಲೆ ನಿನ್ನ ಕೈಗೆ ಹುಟ್ಟು ಹೇಗೆ ಕೊಡೋದು ಎಂದರಂತೆ.

ಹೊಸ ಚಾಲಕ ಬಂದ. ಮೂರನೆಯ ದಿನ ಅವನು ಕೆಲಸ ಬಿಟ್ಟ. ಕಾರಣ ಕೇಳಿದರೆ ಅದೇ ಮಾತು: ಎಡಕ್ಕೆ ತಿರುಗಿಸಿದರೆ ಸಾಯುತ್ತದೆ. ಈ ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಸಾರು ಬಡಿಸುತ್ತ, "ನೀವು ಆ ಗಾಡಿ ಮೇಲೆ ಒಂದ್ಸಲನಾದ್ರೂ ಕೂತಿದ್ದೀರಾ?" ಎಂದಳು.

"ನಾನು ರಿಪೇರಿ ಮಾಡೋನು. ಓಡ್ಸೋನಲ್ಲ."

"ಕೂರ್ದೇನೇ ಅವನದ್ದೇ ತಪ್ಪು ಅಂತ ಹೆಂಗೆ ಬರದ್ರಿ?"

ಅನ್ನ ಕಲಸಿದ್ದು ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಲೈಫ್ ಜಾಕೆಟ್ ತೊಟ್ಟು ಗಾಡಿಯ ಮೇಲೆ ನಾನೇ ಕೂತೆ. ಅರವತ್ತೇಳನೆಯ ವಯಸ್ಸಿನಲ್ಲಿ ಅದು ನೋಡುವಂಥ ದೃಶ್ಯವಾಗಿರಲಿಲ್ಲ. ದೋಣಿ ನಡೆಸುವವನನ್ನು ಹಿಂದೆ ಕೂರಿಸಿಕೊಂಡೆ. ಹಗ್ಗವನ್ನು ಸಡಿಲವಾಗಿ ಕಟ್ಟಿಕೊಂಡೆ. ದಂಡೆಯ ಹತ್ತಿರವೇ, ಬೊಡ್ಡೆಗಳಿಲ್ಲದ ಕಡೆ ಎರಡು ಸುತ್ತು ಬಲಕ್ಕೆ. ಏನೂ ಆಗಲಿಲ್ಲ. ನಮ್ಮದೇ ಅಲೆಯ ಮೇಲೆ ಹಾಯಿಸಿ ಎಡಕ್ಕೆ ತಿರುಗಿಸಿದೆ. ತಳ ಧಡ್ ಎಂದು ನೀರಿಗೆ ಬಡಿಯಿತು. ಇಂಜಿನ್ ನಿಂತಿತು.

ಕಣ್ಣು ಕೆಳಗೆ ಹಾಕಿದೆ. ಕ್ಲಿಪ್ ತನ್ನ ಜಾಗದಲ್ಲಿ ಭದ್ರವಾಗಿ ಕೂತಿತ್ತು.

"ಸಾಹೇಬ್ರೆ, ಬಟನ್ ಒತ್ತಿ" ಎಂದ ಹಿಂದಿನವನು. ಒತ್ತಿದೆ, ಹ್ಯಾಂಡಲ್ ಎಡಕ್ಕೇ ಇದ್ದದ್ದರಿಂದ ಆಗಲಿಲ್ಲ. ಕುತ್ತಿಗೆಯ ಮುಚ್ಚಳವನ್ನು ನಾನು ಹೊರಡುವ ಮೊದಲೇ ತೆಗೆದಿಟ್ಟಿದ್ದೆ. ಹ್ಯಾಂಡಲ್ ಹಾಗೆಯೇ ಹಿಡಿದು, ಕೆಂಪು ಚುಕ್ಕೆಯ ಕೆಳಗೆ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಬಟನ್ ಒತ್ತಿದೆ. ಇಂಜಿನ್ ಎದ್ದಿತು. ಬೆರಳು ತೆಗೆದೆ. ಸತ್ತಿತು. ಮೂರು ಸಲ ಮಾಡಿದೆ. ಒಂದು ಸಲ ಸಾಕಿತ್ತು.

ದಂಡೆಗೆ ಬಂದ ಮೇಲೆ ಬಟ್ಟೆ ಹಾಸಲಿಲ್ಲ, ಸಲಕರಣೆ ಸಾಲಾಗಿ ಇಡಲಿಲ್ಲ. ಬ್ಲೇಡ್ ತೆಗೆದುಕೊಂಡು ಚುಕ್ಕೆಯ ಮೇಲೆಯೇ ಸ್ಲೀವ್ ಸೀಳಿದೆ. ಇಷ್ಟು ವರ್ಷದಲ್ಲಿ ಚುಕ್ಕೆಯ ಜಾಯಿಂಟನ್ನು ನಾನು ಬಿಚ್ಚಿದ್ದು ಅದೇ ಮೊದಲು. ಬೆಸುಗೆ ಹೊಳೆಯುತ್ತಿತ್ತು, ತರಬೇತಿ ಶಾಲೆಯಲ್ಲಿ ಮಾದರಿಯೆಂದು ಇಡಬಹುದಿತ್ತು. ಅದು ಮುಗಿಯುವ ಅಂಚಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಒಳಗೆ, ತಂತಿಯ ಎಲ್ಲ ಎಳೆಗಳೂ ಕಡಿದಿದ್ದವು. ಕರಗಿದ ಬೆಸುಗೆ ಎಳೆಗಳ ನಡುವೆ ಹರಿದು ಅಷ್ಟುದ್ದವನ್ನು ಕಡ್ಡಿಯಂತೆ ಮಾಡಿತ್ತು. ಹ್ಯಾಂಡಲ್ ತಿರುಗಿದಾಗಲೆಲ್ಲ ಆ ಕಡ್ಡಿಯ ತುದಿಯಲ್ಲೇ ತಂತಿ ಮಡಚಿ, ಒಂದೊಂದೇ ಎಳೆ ಹೋಗಿತ್ತು. ಎಡಕ್ಕೆ ತಿರುಗಿ ತಳ ನೀರಿಗೆ ಬಡಿದಾಗ ಕಡಿದ ತುದಿಗಳು ಬಿಟ್ಟುಕೊಳ್ಳುತ್ತಿದ್ದವು, ಹ್ಯಾಂಡಲ್ ನೆಟ್ಟಗಾದರೆ ಮತ್ತೆ ತಾಗುತ್ತಿದ್ದವು. ಟ್ರಾಲಿಯ ಮೇಲೆ ಆ ಪೆಟ್ಟು ಇರಲಿಲ್ಲ. ನನ್ನ ಮೀಟರ್ ಅಳೆದದ್ದು ಆ ತಾಗುವಿಕೆಯನ್ನು. ತಂತಿ ತುಂಡಾದರೂ ಯಂತ್ರದ ಪಾಲಿಗೆ ಕ್ಲಿಪ್ ಕಿತ್ತಂತೆಯೇ. ಅದಕ್ಕೇ ದೋಷ ದಾಖಲಾಗಿರಲಿಲ್ಲ.

ಗಂಟಿನ ಪಕ್ಕದಲ್ಲಿ. ಟಾರ್ಚ್ ಹಿಡಿದು ಅವನು ಹೇಳಿದ್ದು ಅದೇ ಜಾಗ.

ಹಾಳಾದ ಭಾಗವನ್ನು ಕತ್ತರಿಸಿ ತೆಗೆದೆ. ಹೊಸ ತಂತಿ ಸೇರಿಸಿ, ಈ ಸಲ ಬೆಸುಗೆಯಿಲ್ಲದೆ, ತಾಮ್ರದ ಕೊಳವೆಯೊಳಗೆ ತುದಿಗಳನ್ನಿಟ್ಟು ಇಕ್ಕಳದಲ್ಲಿ ಒತ್ತಿದೆ. ಜಾಯಿಂಟನ್ನು ಕುತ್ತಿಗೆಯಿಂದ ಕೆಳಗೆ, ಮಡಚದ ಜಾಗಕ್ಕೆ ಇಳಿಸಿದೆ. ತಿರುಗಲು ಒಂದು ಸಡಿಲ ಸುರುಳಿ ಬಿಟ್ಟೆ. ಎಡಕ್ಕೆ ಇಪ್ಪತ್ತು ಸಲ ತಿರುಗಿಸಿ ನೀರಿನಲ್ಲಿ ಪರೀಕ್ಷೆ ಮಾಡಿದೆ. ನಿಲ್ಲಲಿಲ್ಲ. ಚುಕ್ಕೆ ಇಡಲಿಲ್ಲ.

ಆಮೇಲೆ ಎರಡನೆಯ ವರದಿ ಬರೆದೆ. ಮೊದಲ ವರದಿ ತಪ್ಪು. ದೋಷ ನಾನು ಮಾಡಿದ ಜಾಯಿಂಟಿನದು. ಚಾಲಕ ಮುಂಚೆಯೇ ಎಚ್ಚರಿಸಿದ್ದ. ಅವನ ತಪ್ಪಿಲ್ಲ. ಅದೇ ಸಹಿ, ಅದೇ ಹುದ್ದೆ.

ಮಾಲೀಕರು ಓದಿ ಕನ್ನಡಕ ತೆಗೆದರು. "ಇದನ್ನ ಯಾಕೆ ಬರೆದ್ರಿ ಸುಬೇದಾರ್ರೇ? ಗಾಡಿ ಸರಿಯಾಯ್ತಲ್ಲ."

"ಆ ಮನುಷ್ಯನನ್ನ ವಾಪಸ್ ಕರೀರಿ."

"ಡ್ರೈವರ್ನ ತೆಗೆದಿದ್ದೀವಿ ಅಂತ ಹೇಳಿದ್ಮೇಲೆ ಆ ಗೆಸ್ಟ್‌ನವರು ಸುಮ್ನಾಗಿದ್ದು. ಈಗ ಗಾಡಿದೇ ತಪ್ಪು ಅಂತ ಕಾಗದ ಹೊರಗೆ ಹೋದ್ರೆ ನಾನು ಬಾಗಿಲು ಹಾಕ್ಬೇಕು. ನಿಮ್ಮ ಹೆಸರೂ ಹೋಗುತ್ತೆ."

"ಹೋಗ್ಲಿ."

"ನಿಮಗೆ ಹೋಗ್ಲಿ ಅನ್ನೋದು ಸುಲಭ, ನಿಮಗೆ ಪೆನ್ಶನ್ ಇದೆ." ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಖಾನೆಗೆ ಹಾಕಿದರು. ಆ ಖಾನೆಯಿಂದ ಅದು ಹೊರಗೆ ಬಂದಿಲ್ಲ.

ಇನ್ನೊಂದು ಪ್ರತಿ ನನ್ನಲ್ಲಿತ್ತು. ಅದನ್ನು ಹಿಡಿದು ಮೊದಲು ದುಬಾರೆಗೆ ಹೋದೆ. ರಾಫ್ಟಿನವರು ಓದಿ, "ಈಗ ಸೀಸನ್ ಮುಗೀತು ಸಾರ್, ಮುಂದಿನ ಮಳೆಗಾಲಕ್ಕೆ ನೋಡುವ" ಎಂದರು. ಮುಖದಲ್ಲಿ ನಂಬಿಕೆಗಿಂತ ಮುಜುಗರವೇ ಹೆಚ್ಚಿತ್ತು. ಮೊದಲ ಪುಟ ತಾನಾಗಿಯೇ ಎಲ್ಲ ಕಡೆ ಹೋಗಿತ್ತು. ಎರಡನೆಯದನ್ನು ನಾನೇ ಹೊತ್ತು ತಿರುಗಬೇಕಾಯಿತು.

ಮರುದಿನ ಮಡಿಕೇರಿಯಿಂದ ಬೆಳಗಿನ ಬಸ್ಸು ಹಿಡಿದು ಭಾಗಮಂಡಲಕ್ಕೆ ಹೋದೆ. ಕೇಳಿಕೊಂಡು ಹೋದರೆ ಅವನು ಬೇರೆಯವರ ತೋಟದಲ್ಲಿ ಕರಿಮೆಣಸು ಕೊಯ್ಯುತ್ತಿದ್ದ. ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಬಿದಿರಿನ ಏಣಿ ಆನಿಸಿ, ಸೊಂಟಕ್ಕೂ ಮರಕ್ಕೂ ಹಗ್ಗ ಸುತ್ತಿಕೊಂಡು ಬಹಳ ಮೇಲಿದ್ದ. ನನ್ನನ್ನು ನೋಡಿ ನಿಧಾನವಾಗಿ ಇಳಿದ. ಅಂಗೈಯನ್ನು ಲುಂಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡ. ನಿಂತೇ ಓದಿದ, ಎರಡು ಸಲ.

"ನೀನು ಹೇಳಿದ ಜಾಗದಲ್ಲೇ ಕಡಿದಿತ್ತು" ಎಂದೆ. "ತಪ್ಪು ನನ್ನದು."

"ಬರೆದಿದ್ದೀರಲ್ಲ ಸಾರ್." ಕಾಗದವನ್ನು ಮಡಚದೆ ಹಿಡಿದೇ ಇದ್ದ. "ಇದನ್ನ ನಾ ಯಾರಿಗೆ ತೋರ್ಸದು?"

ಮಾಲೀಕರ ಜೊತೆ ಮತ್ತೆ ಮಾತಾಡುತ್ತೇನೆ, ಬೇರೆ ಕಡೆ ವಿಚಾರಿಸುತ್ತೇನೆ ಎಂದೆಲ್ಲ ಹೇಳಿದೆ. ಅವನು ಕೇಳಿಸಿಕೊಂಡ, ಹಿಂದೆ ನಾನು ಅವನ ಮಾತು ಕೇಳಿಸಿಕೊಂಡ ಹಾಗೆಯೇ.

"ಬೇಡ ಸಾರ್. ಹಗ್ಗದ ಕೆಲಸ ನೋಡ್ಕೋ ಅಂದಿದ್ರಿ ನೀವು. ನೋಡ್ಕೊಳ್ತಾ ಇದ್ದೇನೆ." ಅದರಲ್ಲಿ ಕುಹಕವಿತ್ತೋ ಇಲ್ಲವೋ ತಿಳಿಯಲಿಲ್ಲ. ಸೊಂಟದ ಹಗ್ಗವನ್ನು ಎಳೆದು ನೋಡಿಕೊಂಡ. ಗಂಟನ್ನಲ್ಲ, ಗಂಟಿನ ಪಕ್ಕದ ಎಳೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದ.

ಏಣಿಗೆ ಕಾಲಿಟ್ಟವನು ತಿರುಗಿ ಕೇಳಿದ, "ಸಾರ್, ಆ ಅಕ್ಕನ ಕೈ ಹೆಂಗುಂಟು? ಸರಿ ಆಯ್ತಾ? ಬಲಗೈ ಅಲ್ವಾ, ನೀರಲ್ಲಿ ಬಾಳ ನೋವು ತಿಂದ್ರು."

ಗಾಡಿಯ ಪ್ರತಿ ತಂತಿಯ ಅಳತೆ ನನ್ನ ನೋಟ್‌ಬುಕ್ಕಿನಲ್ಲಿತ್ತು. ಎರಡು ವರದಿ ಬರೆದಿದ್ದೆ. ಆ ಹೆಂಗಸಿನ ಕೈಯ ಬಗ್ಗೆ ಯಾವುದರಲ್ಲೂ ಒಂದು ಸಾಲಿರಲಿಲ್ಲ. ಇಷ್ಟು ದಿನದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ.

"ಗೊತ್ತಿಲ್ಲ" ಎಂದೆ.

ಅವನು ಕಾಗದವನ್ನು ನನ್ನ ಕೈಗೆ ವಾಪಸ್ ಕೊಟ್ಟು ಮರ ಹತ್ತಿದ.